ಕೆಂಡಕ್ಕೆ ಬೂದಿ ಮುಚ್ಚುವ ಹೊತ್ತು

ಸ್ಲೋ ಕುಕ್ಕರ್ ನಮ್ಮ ಊರುಗಳಲ್ಲಿ ಅಷ್ಟಾಗಿ ಬಳಕೆಗೆ ಬಂದಿಲ್ಲ. ಇಲ್ಲಿನ ಅಡುಗೆಮನೆಗಳಲ್ಲಿ ಕೂಗುವ ಕುಕ್ಕರಿನದೇ ಕಾರುಬಾರು. ಅನ್ನಕ್ಕೆ ಎಷ್ಟು ಕೂಗು, ಕಡಲೆಕಾಳಿಗೆ ಎಷ್ಟು ಕೂಗು ಎಂಬ ಲೆಕ್ಕ ಮನೆಮನೆಗೂ ಬಾಯಿಪಾಠ. ಸ್ಲೋ ಕುಕ್ಕರಿನದು ಇದಕ್ಕೆ ತೀರ ಎದುರಾದ ದಾರಿ. ದಪ್ಪ ಪಿಂಗಾಣಿಯ ಒಂದು ಪಾತ್ರೆ, ಅದರ ಸುತ್ತ ಕಾಯುವ ತಂತಿಯನ್ನು ಅಡಗಿಸಿಟ್ಟ ಒಂದು ಕವಚ, ಮೇಲೊಂದು ಗಾಜಿನ ಮುಚ್ಚಳ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನೆನೆದ ಕಾಳು, ತರಕಾರಿ ಅಥವಾ ಮಾಂಸ, ಮಸಾಲೆ, ನೀರು ಹಾಕಿ ಗುಂಡಿ ತಿರುಗಿಸಿದರೆ ಏಳೆಂಟು ಗಂಟೆ ಹೊತ್ತು ಅದು ಕುದಿಯುವುದಕ್ಕಿಂತ ತುಸು ಕೆಳಗಿನ ಶಾಖದಲ್ಲೇ ನಿಂತು ಮೆಲ್ಲಗೆ ಬೇಯಿಸುತ್ತದೆ. ಅಮೆರಿಕದಲ್ಲಿ, ಅಲ್ಲಿ ನೆಲೆಸಿದ ಕನ್ನಡಿಗರ ಕೆಲವು ಮನೆಗಳಲ್ಲೂ, ವಾರದ ದಿನಗಳ ರಾತ್ರಿಯೂಟದ ತಾಪತ್ರಯಕ್ಕೆ ಇದೇ ಮದ್ದು ಎಂದು ನಂಬಿದವರಿದ್ದಾರೆ. ಒಂದು ಮಟ್ಟಿಗೆ ಅದು ನಿಜವೂ ಹೌದು. ಆದರೆ ಈ ಪಾತ್ರೆಯ ಹಿಂದೆ ಇರುವುದು ಕಚೇರಿಗೆ ಓಡುವವರ ಅವಸರ ಅಲ್ಲ; ಒಂದು ಧರ್ಮ ತನ್ನ ಜನರಿಗೆ ವಿಧಿಸಿದ ವಿಶ್ರಾಂತಿಯ ದಿನ. ಆ ಹಿನ್ನೆಲೆ ತಿಳಿದ ಮೇಲೆ ಇದನ್ನು ಬರೀ ಅಡುಗೆಮನೆಯ ಅನುಕೂಲವೆಂದು ನೋಡಿ ಸುಮ್ಮನಾಗಲು ಬರುವುದಿಲ್ಲ. ಯಂತ್ರ ಉಳಿಸಿಕೊಟ್ಟ ಸಮಯ ತಾನಾಗಿಯೇ ವಿಶ್ರಾಂತಿಯಾಗುತ್ತದೆಯೇ ಎಂಬ ಪ್ರಶ್ನೆ ಎದ್ದೇಳುತ್ತದೆ. ಆಗುವುದಿಲ್ಲ ಎಂಬುದು ನನ್ನ ವಾದ. ಇಷ್ಟು ಸಾಕು, ಇನ್ನು ಕೈ ಹಾಕುವುದಿಲ್ಲ ಎಂಬ ಗಡಿಯನ್ನು ಮೊದಲು ಎಳೆದುಕೊಂಡ ಮನೆಗೆ ಮಾತ್ರ ಆ ಸಮಯ ದಕ್ಕುತ್ತದೆ. ಗಡಿಯಿಲ್ಲದ ಮನೆಯಲ್ಲಿ ಅದು ಬಂದ ಹಾಗೆಯೇ ಹೋಗಿಬಿಡುತ್ತದೆ.

ಈ ಪಾತ್ರೆಯನ್ನು ರೂಪಿಸಿದ ಅರ್ವಿಂಗ್ ನಾಕ್ಸನ್ 1902ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಯಹೂದಿ; ಕೆಲಸ ಮಾಡಿದ್ದು ಷಿಕಾಗೋದಲ್ಲಿ. 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1940ರಲ್ಲಿ ಅದು ಸಿಕ್ಕಿತು. ಇದರ ಯೋಚನೆ ಅವರಿಗೆ ಹೊಳೆದದ್ದು ತಾಯಿ ಹೇಳುತ್ತಿದ್ದ ಲಿಥುವೇನಿಯಾದ ವಿಲ್ನಾ ಪಟ್ಟಣದ ಕಥೆಯಿಂದ ಎಂದು ಆ ಮನೆತನದವರು ಹೇಳುತ್ತಾ ಬಂದಿದ್ದಾರೆ. ಶುಕ್ರವಾರ ಮಧ್ಯಾಹ್ನ ಮನೆಮನೆಯಿಂದ ಕಾಳು, ಆಲೂಗಡ್ಡೆ, ಮಾಂಸ ತುಂಬಿದ ಪಾತ್ರೆಗಳು ಊರಿನ ಬೇಕರಿಗೆ ಹೋಗುತ್ತಿದ್ದವು. ಯಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್ ಬಂತೆಂದು ಬೇಕರಿಯವನು ಬೆಂಕಿ ಆರಿಸುತ್ತಿದ್ದ. ಆದರೂ ಇಡೀ ದಿನ ಉರಿದ ಒಲೆಯ ಗೋಡೆಗಳಲ್ಲಿ ಉಳಿದ ಕಾವೇ ಇರುಳೆಲ್ಲ ಆ ಪಾತ್ರೆಗಳನ್ನು ಬೇಯಿಸುತ್ತಿತ್ತು. ಮರುದಿನ ಪ್ರಾರ್ಥನೆ ಮುಗಿಸಿ ಬಂದವರಿಗೆ ಬಿಸಿ ಊಟ ಸಿದ್ಧ. ಪೂರ್ವ ಯುರೋಪಿನ ಯಹೂದಿಗಳು ಇದನ್ನು ಚೋಲೆಂಟ್ ಎಂದರು. ಮೊರಾಕ್ಕೊದ ಯಹೂದಿಗಳ ದಫೀನಾ, ಬಾಗ್ದಾದಿನವರು ಕೋಳಿಯೊಳಗೆ ಅಕ್ಕಿ ತುಂಬಿ ಬೇಯಿಸುವ ತ್‌ಬೀತ್ ಎಲ್ಲವೂ ಇದೇ ಕುಲದವು. ಮಸಾಲೆ ಬೇರೆ, ಧಾನ್ಯ ಬೇರೆ, ಊರು ಬೇರೆ. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಒಲೆಗಿಟ್ಟು ಕೈ ತೆಗೆಯುವ ಕ್ರಮ ಮಾತ್ರ ಎಲ್ಲೆಡೆಯೂ ಒಂದೇ. ಷಿಕಾಗೋದ ಬೇಸಿಗೆಯಲ್ಲಿ ಮನೆಯ ದೊಡ್ಡ ಒಲೆ ಹೊತ್ತಿಸಿದರೆ ಸೆಕೆ ತಡೆಯಲಾಗದು ಎಂಬ ಲೌಕಿಕ ಕಾರಣವೂ ನಾಕ್ಸನ್ನರ ಲೆಕ್ಕದಲ್ಲಿತ್ತು ಎನ್ನುತ್ತಾರೆ. ಇರಲಿ, ಕಾರಣ ಯಾವುದೇ ಇದ್ದರೂ ಯಂತ್ರದ ಒಳಗಿನ ನಡೆ ಆ ಬೇಕರಿಯ ಒಲೆಯದೇ.

ಹೀಗೊಂದು ಅಡುಗೆ ಬೇಕಾಗಿ ಬಂದದ್ದೇಕೆ? ಸಬ್ಬತ್ ದಿನ ಮನೆಗಳಲ್ಲಿ ಬೆಂಕಿ ಹೊತ್ತಿಸಕೂಡದು ಎಂದು ಬೈಬಲಿನ ವಿಮೋಚನಕಾಂಡದ 35ನೇ ಅಧ್ಯಾಯ ವಿಧಿಸುತ್ತದೆ. ಕ್ರಿಸ್ತಶಕ 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಎಂಬ ಯಹೂದಿ ಧರ್ಮಶಾಸ್ತ್ರ ಗ್ರಂಥ ಆ ದಿನ ಮಾಡಬಾರದ ಕೆಲಸಗಳನ್ನು 39 ಬಗೆಯಾಗಿ ವಿಂಗಡಿಸುತ್ತದೆ. ಉಳುವುದು, ಬಿತ್ತುವುದು, ಬೀಸುವುದು, ನಾದುವುದರ ಸಾಲಿನಲ್ಲಿ ಬೇಯಿಸುವುದೂ ಇದೆ. ಆದರೆ ಶುಕ್ರವಾರವೇ ಆರಂಭವಾಗಿ ಸಬ್ಬತ್ತಿನಲ್ಲಿ ತಾನಾಗಿ ಮುಂದುವರಿಯುವ ಕೆಲಸದ ಗತಿ ಏನು? ಬಟ್ಟೆಯನ್ನು ಬಣ್ಣದಲ್ಲಿ ಅದ್ದಿಟ್ಟರೆ ಅದು ರಾತ್ರಿಯೆಲ್ಲ ಬಣ್ಣ ಕುಡಿಯುತ್ತಲೇ ಇರುತ್ತದೆ. ಬಲೆ ಹರಡಿಟ್ಟರೆ ಮೀನು ಬಂದು ಬೀಳುತ್ತಲೇ ಇರುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಈ ಬಗ್ಗೆ ಶಮ್ಮಾಯಿ, ಹಿಲ್ಲೆಲ್ ಎಂಬ ಇಬ್ಬರು ಯಹೂದಿ ಗುರುಗಳ ಪಂಥಗಳ ನಡುವೆ ವಾದ ನಡೆಯಿತು. ಶಮ್ಮಾಯಿಯ ಶಿಷ್ಯರು ಇದು ಕೂಡದು ಎಂದರು. ಮನುಷ್ಯ ಬಿಡುವು ಪಡೆದರೆ ಸಾಲದು, ಅವನ ಉಪಕರಣಗಳೂ ಸುಮ್ಮನಿರಬೇಕು ಎಂಬುದು ಅವರ ನಿಲುವು ಎಂದು ಮಿಷ್ನಾವನ್ನು ವ್ಯಾಖ್ಯಾನಿಸುವ ತಾಲ್ಮುದ್ ವಿವರಿಸುತ್ತದೆ. ಹಿಲ್ಲೆಲ್‌ನ ಶಿಷ್ಯರು ಒಪ್ಪಲಿಲ್ಲ. ಹೊತ್ತಿರುವಾಗಲೇ ಶುರುವಾದ ಕೆಲಸ ತನ್ನ ಪಾಡಿಗೆ ನಡೆಯಲಿ, ಮನುಷ್ಯನ ಕೈ ನಿಂತರೆ ಸಾಕು ಎಂದರು. ಗೆದ್ದದ್ದು ಅವರ ಮಾತು. ಆ ತೀರ್ಪು ಬೇರೆಯಾಗಿದ್ದರೆ ಚೋಲೆಂಟ್ ಇರುತ್ತಿರಲಿಲ್ಲ, ಸ್ಲೋ ಕುಕ್ಕರ್ ಹುಟ್ಟುವುದಕ್ಕೆ ಬೇಕಾದ ನೆನಪೂ ಇರುತ್ತಿರಲಿಲ್ಲ.

ಆದರೆ ಹಿಲ್ಲೆಲ್‌ನವರು ಅನುಮತಿ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಈ ವಿಷಯದಲ್ಲಿ ನನ್ನನ್ನು ಬಹಳವಾಗಿ ಸೆಳೆಯುವುದು ಆ ಅನುಮತಿಯ ಜೊತೆಗೆ ಮಿಷ್ನಾ ಇಡುವ ಒಂದು ಸಣ್ಣ ನಿಬಂಧನೆ. ಒಲೆಯನ್ನು ಹುಲ್ಲಿನಿಂದಲೋ ಕೂಳೆಯಿಂದಲೋ ಉರಿಸಿದ್ದರೆ ಅದರ ಮೇಲೆ ಪಾತ್ರೆಯನ್ನು ಹಾಗೇ ಇಡಬಹುದು. ಕಟ್ಟಿಗೆಯಿಂದ ಉರಿಸಿದ್ದರೆ ಮಾತ್ರ ಮೊದಲು ಕೆಂಡವನ್ನು ಹೊರಗೆಳೆದು ಹಾಕಬೇಕು, ಇಲ್ಲವೇ ಕೆಂಡದ ಮೇಲೆ ಬೂದಿ ಮುಚ್ಚಬೇಕು. ಎರಡಕ್ಕೂ ಯಾಕೆ ಭೇದ? ಹುಲ್ಲು ಉರಿದರೆ ಕೆದಕುವುದಕ್ಕೆ ಕೆಂಡವೇ ಉಳಿಯುವುದಿಲ್ಲ. ಕಟ್ಟಿಗೆಯ ಒಲೆಯಲ್ಲಿ ನಿಗಿನಿಗಿ ಕೆಂಡ ಕಣ್ಣಿಗೆ ಕಾಣುತ್ತಿರುತ್ತದೆ. ಅಡುಗೆ ನಿಧಾನವಾಯಿತೆಂದು ಯಾರೋ ಮರೆತು ಕೆಂಡ ಕೆದಕಿಬಿಟ್ಟಾರು ಎಂಬುದು ಶಾಸ್ತ್ರಕಾರರ ಆತಂಕ. ಅಂದರೆ ಪಾತ್ರೆ ಬೇಯುವುದರಿಂದ ವಿಶ್ರಾಂತಿ ಕೆಡುತ್ತದೆಂದು ಅವರು ಭಾವಿಸಲಿಲ್ಲ. ಇನ್ನೂ ಸ್ವಲ್ಪ ಚೆನ್ನಾಗಿ ಆಗಲಿ, ಇನ್ನೂ ಸ್ವಲ್ಪ ಬೇಗ ಆಗಲಿ ಎಂದು ಚಡಪಡಿಸುವ ಕೈಯಿಂದ ಕೆಡುತ್ತದೆ ಎಂದು ಭಾವಿಸಿದರು. ಒಲೆಯ ಮುಂದೆ ಕೂತವರ ಮನಸ್ಸನ್ನು ಇಷ್ಟು ಹತ್ತಿರದಿಂದ ಬಲ್ಲ ಶಾಸ್ತ್ರವನ್ನು ನಾನು ಗೌರವದಿಂದ ಓದುತ್ತೇನೆ. ಬೂದಿ ಮುಚ್ಚಿದ್ದರಿಂದ ಬೆಂಕಿಯ ಕಾವು ತುಸು ಇಳಿಯುತ್ತದೆ, ಅಷ್ಟೇ. ಆದರೆ ಅಡುಗೆ ಮಾಡುವವಳು ತಾನೇ ತನಗೆ ಕೊಟ್ಟುಕೊಂಡ ಮಾತು ಅಲ್ಲಿ ಕಣ್ಣಿಗೆ ಕಾಣುವಂತೆ ನಿಲ್ಲುತ್ತದೆ. ಇಂದಿಗೂ ಸಂಪ್ರದಾಯಸ್ಥ ಯಹೂದಿ ಮನೆಗಳಲ್ಲಿ ಶುಕ್ರವಾರ ಸಂಜೆ ಗ್ಯಾಸ್ ಒಲೆಯ ಮೇಲೆ ಒಂದು ಲೋಹದ ತಗಡು ಹಾಸಿ ಅದರ ಮೇಲೆ ಪಾತ್ರೆ ಇಡುತ್ತಾರೆ. ಸ್ಲೋ ಕುಕ್ಕರನ್ನೇ ಬಳಸುವವರು ಅದರ ಗುಂಡಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಮರೆಮಾಡುತ್ತಾರೆ. ಪಿಂಗಾಣಿ ಪಾತ್ರೆ ಕವಚದೊಳಗೆ ಪೂರ್ತಿ ಹೂತು ಕೂರಬಾರದೆಂದು ಅಡಿಯಲ್ಲಿ ಹಾಳೆಯ ಉಂಡೆಗಳನ್ನಿಟ್ಟು ಅದನ್ನು ತುಸು ಮೇಲೆತ್ತುವವರೂ ಉಂಟು. ಬೂದಿಯ ಜಾಗಕ್ಕೆ ಅಲ್ಯೂಮಿನಿಯಂ ಹಾಳೆ ಬಂದಿದೆ.

ಇಷ್ಟು ಬಿಗಿಯಾದ ಶಾಸ್ತ್ರ ಕೊನೆಗೆ ಮೈಮನಸ್ಸುಗಳನ್ನು ಒಣಗಿಸುವ ವ್ರತವಾಗಿಬಿಡಬಹುದಿತ್ತು. ಹಾಗಾಗಲಿಲ್ಲ ಎಂಬುದಕ್ಕೆ ಅದೇ ಬಿಸಿ ಪಾತ್ರೆ ಸಾಕ್ಷಿ. ಕರಾಯಿಟರೆಂಬ ಯಹೂದಿ ಪಂಥದವರು ವಿಮೋಚನಕಾಂಡದ ಮಾತನ್ನು ಅಕ್ಷರಶಃ ಹಿಡಿದು, ಮುಂಚೆ ಹೊತ್ತಿಸಿದ ಬೆಂಕಿಯೂ ಸಬ್ಬತ್ತಿನಲ್ಲಿ ಉರಿಯಕೂಡದು ಎಂದು ಕತ್ತಲಲ್ಲಿ ಕೂತು ತಣ್ಣನೆಯ ಊಟ ಮಾಡುತ್ತಿದ್ದರು. ಅವರಿಗೆ ಎದುರಾಗಿ ಉಳಿದ ಪಂಡಿತರು ಆ ದಿನ ಬಿಸಿಯಾದದ್ದನ್ನು ಉಣ್ಣುವುದೇ ಧರ್ಮ ಎಂದರು. 12ನೇ ಶತಮಾನದ ಜೆರಹ್ಯಾ ಹಲೇವಿಯಂತೂ ಬಿಸಿ ಊಟವನ್ನು ಒಲ್ಲೆನೆನ್ನುವವನ ನಿಷ್ಠೆಯನ್ನೇ ಶಂಕಿಸಬೇಕು ಎಂಬಲ್ಲಿಗೆ ಹೋದರು. ಹೀಗೆ ಆ ಪರಂಪರೆಯಲ್ಲಿ ವಿಶ್ರಾಂತಿಗೆ ಎರಡು ಕಾಲುಗಳಿವೆ: ಕೈ ಹಿಂದಕ್ಕೆ ತೆಗೆಯುವುದು ಒಂದು, ರುಚಿಯಾದುದನ್ನು ಎಲ್ಲರೂ ಕೂತು ಉಣ್ಣುವುದು ಇನ್ನೊಂದು. ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲುವುದಿಲ್ಲ.

ಈಗ ಅದೇ ಪಾತ್ರೆ ಪೇಟೆಗೆ ಬಂದಾಗ ಏನಾಯಿತು ನೋಡಿ. 1970ರಲ್ಲಿ ಕಾನ್ಸಾಸ್ ಸಿಟಿಯ ರೈವಲ್ ಕಂಪನಿ ನಾಕ್ಸನ್ನರ ಉದ್ಯಮವನ್ನು ಕೊಂಡಿತು. 1971ರಲ್ಲಿ ಆ ಪಾತ್ರೆ ಕ್ರಾಕ್‌ಪಾಟ್ ಎಂಬ ಹೊಸ ಹೆಸರಿನಲ್ಲಿ ಅಂಗಡಿಗೆ ಬಂತು. ಮದುವೆಯಾದ ಹೆಂಗಸರು ಹೆಚ್ಚುಹೆಚ್ಚಾಗಿ ಹೊರಗಿನ ಕೆಲಸಕ್ಕೆ ಹೋಗತೊಡಗಿದ್ದ ಕಾಲ ಅದು. ಅಡುಗೆಯವಳು ಮನೆಯಲ್ಲಿಲ್ಲದಾಗಲೂ ಅಡುಗೆ ಆಗುತ್ತಿರುತ್ತದೆ ಎಂಬುದೇ ಜಾಹೀರಾತಿನ ತಿರುಳು. 1975ರಲ್ಲಿ ಮೇಬಲ್ ಹಾಫ್ಮನ್ ಬರೆದ ಇದರ ಅಡುಗೆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಆ ಹೆಂಗಸರಿಗೆ ಇದು ನಿಜವಾದ ಉಪಕಾರ. ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೂ ಒಂದು ತಿರುವು ಗಮನಿಸಬೇಕು. ವಿಲ್ನಾದ ಪಾತ್ರೆ ಬೇಯುತ್ತಿದ್ದದ್ದು ಮನೆಯವರೆಲ್ಲ ಕೆಲಸ ನಿಲ್ಲಿಸಿ ಕೂತಿದ್ದಾಗ. ಹೊಸ ಪಾತ್ರೆ ಬೇಯುವುದು ಮನೆಯವರೆಲ್ಲ ಬೇರೆ ಕೆಲಸಕ್ಕೆ ಹೋಗಿದ್ದಾಗ. ಅಲ್ಲಿ ಮನುಷ್ಯನೂ ಪಾತ್ರೆಯೂ ಕೂಡಿ ಆ ದಿನವನ್ನು ಕಾಯುತ್ತಿದ್ದರು. ಇಲ್ಲಿ ಇಬ್ಬರೂ ಎರಡು ಕಡೆ ದುಡಿಯುತ್ತಾರೆ. ಉಪಾಯ ಅಂಗಡಿಗೆ ಬಂತು, ಆ ಉಪಾಯವನ್ನು ಹುಟ್ಟಿಸಿದ ಗಡಿ ವಿಲ್ನಾದಲ್ಲೇ ಉಳಿಯಿತು.

ಗಡಿಯಿಲ್ಲದೆ ಉಪಾಯ ಬಂದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. 1974ರಲ್ಲಿ ಜೋಆನ್ ವಾನೆಕ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಗೃಹಿಣಿಯರ ಕೆಲಸದ ಗಂಟೆಗಳನ್ನು ಹೋಲಿಸಿದರು. ಹೊರಗೆ ಕೆಲಸಕ್ಕೆ ಹೋಗದ ಗೃಹಿಣಿ 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದಳು. ನಡುವೆ ನಲ್ಲಿ ನೀರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಒಲೆ ಎಲ್ಲ ಮನೆಮನೆಗೂ ಬಂದವು. 1960ರ ದಶಕದಲ್ಲಿ ಅವಳ ಕೆಲಸ 55 ಗಂಟೆ. ಒಂದು ಗಂಟೆಯೂ ಇಳಿಯಲಿಲ್ಲ. ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥ ಇದರ ಒಳಗುಟ್ಟನ್ನು ಇನ್ನೂ ಹಿಂದಿನಿಂದ ಬಿಡಿಸುತ್ತದೆ. ತೆರೆದ ಒಲೆಯ ಕಾಲದಲ್ಲಿ ಸಾಮಾನ್ಯರ ಮನೆಯ ಊಟ ಒಂದೇ ಪಾತ್ರೆಯಲ್ಲಿ ಕುದಿಯುತ್ತಿತ್ತು. ಎರಕದ ಕಬ್ಬಿಣದ ಒಲೆ ಬಂದ ಮೇಲೆ ಕಟ್ಟಿಗೆ ಕಡಿಯುವ ಗಂಡಸರ ಕೆಲಸ ಇಳಿಯಿತು. ಆದರೆ ಒಂದೇ ಬೆಂಕಿಯ ಮೇಲೆ ನಾಲ್ಕು ಪಾತ್ರೆ ಇಡಲು ಬಂದದ್ದೇ ತಡ, ನಾಲ್ಕು ಬಗೆಯ ಅಡುಗೆ ಮನೆಯ ಮರ್ಯಾದೆಯ ಪ್ರಶ್ನೆಯಾಯಿತು. ಒಲೆ ಸುಧಾರಿಸಿದಷ್ಟೂ ನಿರೀಕ್ಷೆ ಬೆಳೆಯಿತು. ನಮ್ಮಲ್ಲೂ ಇದನ್ನು ಕಾಣಲು ದೂರ ಹೋಗಬೇಕಿಲ್ಲ. ಒಂದೇ ಒಲೆಯಲ್ಲಿ ಮುದ್ದೆ, ಸಾರು ಮುಗಿಸುತ್ತಿದ್ದ ಮನೆಗೆ ಮೂರು ಬರ್ನರ್ ಬಂದಾಗ ಅಡುಗೆ ಬೇಗ ಮುಗಿದು ಯಾರೂ ಹರಟುತ್ತಾ ಕೂರಲಿಲ್ಲ. ಸಾರಿನ ಜೊತೆ ಪಲ್ಯ ಸೇರಿತು, ಹಿರಿಯರಿಗೆ ಚಪಾತಿ ಬೇರೆ, ಮಕ್ಕಳಿಗೆ ಇನ್ನೊಂದು ಬೇರೆ. ಬದುವಿಲ್ಲದ ಹೊಲದಲ್ಲಿ ಬಿದ್ದ ಮಳೆಯ ಹಾಗೆ, ಉಳಿದ ಸಮಯ ಇನ್ನೊಬ್ಬರ ಅಪೇಕ್ಷೆಯ ಇಳಿಜಾರಿನ ಕಡೆಗೆ ಹರಿಯಿತು.

ಇದರ ಕಾರಣವನ್ನು ಯಂತ್ರದಲ್ಲಿ ಹುಡುಕುವುದು ತಪ್ಪು. ಸಮಯ ಎಂಬುದು ಯಾರ ಹೆಸರಿಗೂ ಬರೆಯದೆ ಬಿಟ್ಟರೆ ಕರೆದವರ ಪಾಲಾಗುತ್ತದೆ. ಕಚೇರಿ ಕರೆಯುತ್ತದೆ, ಶಾಲೆಯ ಹೋಮ್‌ವರ್ಕ್ ಕರೆಯುತ್ತದೆ, ಒಗೆಯದೆ ಬಿದ್ದ ಬಟ್ಟೆ ಕರೆಯುತ್ತದೆ. ಇವುಗಳಿಗೆಲ್ಲ ದನಿಯಿದೆ, ವಿಶ್ರಾಂತಿಗೆ ದನಿಯಿಲ್ಲ. ಕೆಲಸಗಳೆಲ್ಲ ಮುಗಿದ ಮೇಲೆ ಉಳಿಯುವುದನ್ನು ವಿಶ್ರಾಂತಿ ಎಂದು ಕರೆದರೆ ಅದು ಎಂದಿಗೂ ಬರುವುದಿಲ್ಲ, ಏಕೆಂದರೆ ಮನೆಗೆಲಸ ಮುಗಿಯುವ ಜಾತಿಯದೇ ಅಲ್ಲ. ಯಹೂದಿ ಚಿಂತಕ ಅಬ್ರಹಾಂ ಜೋಷುವಾ ಹೆಶೆಲ್ 1951ರಲ್ಲಿ ಸಬ್ಬತ್ತಿನ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ಮುಂದಿನ ವಾರದ ದುಡಿಮೆಗೆ ಬಲ ತುಂಬಿಕೊಳ್ಳುವುದು ಆ ದಿನದ ಉದ್ದೇಶವಲ್ಲ; ಉಳಿದ ದಿನಗಳೇ ಆ ದಿನಕ್ಕಾಗಿ ಇವೆ. ಹೀಗೆ ತಿಳಿದವರು ಕೆಲಸ ಮುಗಿಯಲಿ ಎಂದು ಕಾಯುವುದಿಲ್ಲ. ಹೊತ್ತು ಮುಳುಗಿದ ಕೂಡಲೇ ಮುಗಿಯದ ಕೆಲಸವನ್ನು ಮುಗಿದಂತೆಯೇ ಭಾವಿಸಿ ಎದ್ದುಬಿಡುತ್ತಾರೆ. ವಾರದ ರಾತ್ರಿಗೆ ಇಡೀ ಸಬ್ಬತ್ತನ್ನು ತರುವುದು ಸಾಧ್ಯವಿಲ್ಲ, ತರಬೇಕಾಗಿಯೂ ಇಲ್ಲ. ಅದರೊಳಗಿನ ಈ ಒಂದು ನಡೆಯನ್ನು ತರಬಹುದು. ಬೆಳಿಗ್ಗೆ ಪಾತ್ರೆಯ ಮುಚ್ಚಳ ಹಾಕಿದಾಗ ಇವತ್ತಿನ ಅಡುಗೆ ಮುಗಿಯಿತು. ಸಂಜೆ ಬಂದ ಮೇಲೆ ಒಗ್ಗರಣೆಯಿಲ್ಲ, ಜೊತೆಗೆ ಇನ್ನೊಂದು ಬಗೆಯಿಲ್ಲ, ಯಾರಿಗೋ ಬೇಡವೆಂದು ಬೇರೆ ಒಲೆ ಹೊತ್ತಿಸುವುದಿಲ್ಲ. ಸ್ಲೋ ಕುಕ್ಕರಿನ ಸ್ವಭಾವವೂ ಇದಕ್ಕೆ ಒದಗಿಬರುತ್ತದೆ. ಅದರ ಮುಚ್ಚಳವನ್ನು ನಡುನಡುವೆ ತೆಗೆದು ನೋಡಬಾರದು. ತೆಗೆದಷ್ಟು ಸಲ ಸೇರಿದ ಕಾವೆಲ್ಲ ಹೊರಗೆ ಹೋಗಿ ಬೇಯುವ ಹೊತ್ತು ಇನ್ನೂ ಲಂಬಿಸುತ್ತದೆ. ಕೈ ಹಾಕಿದವರಿಗೆ ತಡವಾಗುವ ಒಲೆ ಇದು. ಎಚ್ಚರಿಕೆ ಬೇಕಾದದ್ದು ಮೊದಲೇ: ರಾಜ್ಮಾದಂಥ ಕಾಳನ್ನು ನೆನೆಸಿ, ಆ ನೀರು ಚೆಲ್ಲಿ, ಬೇರೆ ಪಾತ್ರೆಯಲ್ಲಿ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕೊತಕೊತ ಕುದಿಸಿಯೇ ಇದಕ್ಕೆ ಹಾಕಬೇಕು. ಇಲ್ಲದಿದ್ದರೆ ಕಾಳಿನಲ್ಲಿರುವ ವಿಷದ ಅಂಶ ಈ ಮೆಲುಗಾವಿನಲ್ಲಿ ಸಾಯದೆ ಹೊಟ್ಟೆ ಕೆಡಿಸುತ್ತದೆ. ಜೋಪಾನವೆಲ್ಲ ಆರಂಭದಲ್ಲಿ, ಆಮೇಲೆ ಬಿಟ್ಟುಬಿಡುವುದು.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಅತ್ಯಂತ ಬಲವಾದದ್ದು ಹೆಂಗಸರ ಕಡೆಯಿಂದ ಬರುತ್ತದೆ. ಸಬ್ಬತ್ತನ್ನು ಅಷ್ಟು ಹೊಗಳುತ್ತೀರಲ್ಲ, ಶುಕ್ರವಾರವಿಡೀ ಬೆವರು ಸುರಿಸಿದವರು ಯಾರು? ಶನಿವಾರದ ಬಿಸಿ ಊಟ ಗಂಡಸರಿಗೆ ವಿಶ್ರಾಂತಿ, ಹೆಂಗಸರಿಗೆ ಎರಡು ದಿನದ ಕೆಲಸ ಒಂದೇ ದಿನದಲ್ಲಿ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ವಿಮೋಚನಕಾಂಡದ 20ನೇ ಅಧ್ಯಾಯ ಆ ದಿನ ಯಾರಾರು ಕೆಲಸ ಮಾಡಬಾರದೆಂದು ಹೆಸರು ಹಿಡಿದು ಹೇಳುತ್ತದೆ: ನೀನು, ಮಗ, ಮಗಳು, ಗಂಡಾಳು, ಹೆಣ್ಣಾಳು, ದನಕರು, ಊರಲ್ಲಿರುವ ಪರದೇಶಿ. ಆ ಪಟ್ಟಿಯಲ್ಲಿ ಹೆಂಡತಿ ಇಲ್ಲ. ನೀನು ಎಂಬುದರಲ್ಲೇ ಅವಳೂ ಸೇರಿದ್ದಾಳೆಂದು ವ್ಯಾಖ್ಯಾನ ಮಾಡಿದವರಿದ್ದಾರೆ. ಆ ವ್ಯಾಖ್ಯಾನ ಸರಿಯೇ ಇರಲಿ, ಅವಳನ್ನು ಎಣಿಸಲು ಮರೆಯುವುದು ಮನೆಗಳಿಗೆ ಎಷ್ಟು ಸುಲಭ ಎಂಬುದಂತೂ ಅಲ್ಲಿ ಕಾಣುತ್ತದೆ. ನಮ್ಮ ವ್ರತಗಳೂ ಈ ವಿಷಯದಲ್ಲಿ ಮೇಲಲ್ಲ. ಏಕಾದಶಿಯಂದು ಅನ್ನ ಬಿಡುವ ಎಷ್ಟೋ ಮನೆಗಳಲ್ಲಿ ಅವಲಕ್ಕಿ, ಸಾಬೂದಾನಿ, ಹಣ್ಣುಹಾಲು ಎಂದು ಫಲಾಹಾರದ ಸಡಗರ ನಿತ್ಯದ ಅಡುಗೆಗಿಂತ ಹೆಚ್ಚು. ನಿಟ್ಟುಪವಾಸ ಮಾಡುವ ಮನೆಗಳಲ್ಲಿ ಒಲೆ ನಿಜಕ್ಕೂ ಆರಿರುತ್ತದೆ. ಆದರೆ ದ್ವಾದಶಿಯ ಪಾರಣೆ ಬೆಳಗಿನಲ್ಲೇ ಆಗಬೇಕಲ್ಲ. ಹಿಂದಿನ ದಿನವೆಲ್ಲ ಉಪವಾಸವಿದ್ದ ಹೆಂಗಸೇ ಇನ್ನೂ ಕತ್ತಲಿರುವಾಗ ಎದ್ದು, ಮಡಿಯುಟ್ಟು ಪೂರ್ಣ ಅಡುಗೆ ಮಾಡಿ ಬಡಿಸಬೇಕು. ಹೊಟ್ಟೆಗೆ ಸಿಕ್ಕ ಬಿಡುವಿನ ಬೆಲೆಯನ್ನು ಅವಳ ನಿದ್ದೆ ತೆತ್ತಿರುತ್ತದೆ.

ಆದರೆ ಈ ಆಕ್ಷೇಪ ನನ್ನ ವಾದವನ್ನು ಬೀಳಿಸುವುದಿಲ್ಲ, ಇನ್ನೂ ಖಚಿತಗೊಳಿಸುತ್ತದೆ. ಗಡಿಯೆಂದರೆ ದುಡಿಮೆಯನ್ನು ಒಂದು ದಿನದಿಂದ ಇನ್ನೊಂದು ದಿನಕ್ಕೆ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಸರಿಸುವುದಾದರೆ ಅದು ಗಡಿಯೇ ಅಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗುವ ಗಂಡಸರು 97 ನಿಮಿಷ ಕೊಡುತ್ತಿದ್ದರು. ಅದರಲ್ಲೂ ತೊಡಗುತ್ತಿದ್ದವರೇ ಹೆಚ್ಚುಕಡಿಮೆ ನಾಲ್ವರು ಗಂಡಸರಲ್ಲಿ ಒಬ್ಬರು. ಇಂಥ ಮನೆಯಲ್ಲಿ ಸ್ಲೋ ಕುಕ್ಕರ್ ತಂದಿಟ್ಟು, ಬೆಳಿಗ್ಗೆ ಐದಕ್ಕೇ ಎದ್ದು ಹೆಚ್ಚಿಡುವ ಕೆಲಸವನ್ನೂ ರಾತ್ರಿ ಆ ಭಾರದ ಪಿಂಗಾಣಿ ಪಾತ್ರೆ ಉಜ್ಜುವ ಕೆಲಸವನ್ನೂ ಅವಳಿಗೇ ಬಿಟ್ಟರೆ, ಸಂಜೆಯ ಹೊರೆ ಬೆಳಿಗ್ಗೆಗೆ ಹೋಯಿತೇ ಹೊರತು ಇಳಿಯಲಿಲ್ಲ. ಶಾಸ್ತ್ರ ಬರೆದವರು ಕೆಂಡಕ್ಕೆ ಬೂದಿ ಮುಚ್ಚುವುದರ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದರು, ಕಟ್ಟಿಗೆ ಹೊತ್ತು ತಂದವರ ಬಗ್ಗೆ ಅಷ್ಟು ಯೋಚಿಸಲಿಲ್ಲ. ಅವರಿಂದ ಕಲಿಯುವ ನಾವು ಆ ಕೊರತೆಯನ್ನೂ ಕಲಿಯಬೇಕಾಗಿಲ್ಲ.

ಎರಡನೆಯ ಆಕ್ಷೇಪ ನಮ್ಮ ಧಾರ್ಮಿಕ ಭಾವನೆಯಿಂದಲೇ ಬರುವಂಥದು. ಅನ್ನ ಎಂದರೆ ಯಜ್ಞಶೇಷ, ಅಡುಗೆ ಎಂದರೆ ನೈವೇದ್ಯ. ಅದನ್ನು ಯಂತ್ರಕ್ಕೆ ಒಪ್ಪಿಸಿ ಹೋಗಬಹುದೇ? ಗೀತೆಯ 17ನೇ ಅಧ್ಯಾಯ ಹೊತ್ತು ಮೀರಿದ, ರಸ ಹೋದ, ಹಳಸಿದ ಆಹಾರವನ್ನು ತಾಮಸವೆನ್ನುತ್ತದೆಯಲ್ಲ? ಬೇಯಲು ಎಂಟು ಗಂಟೆ ಹಿಡಿಯುವುದಕ್ಕೂ ಬೆಂದ ಮೇಲೆ ಎಂಟು ಗಂಟೆ ಇಡುವುದಕ್ಕೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ಈ ಪಾತ್ರೆ ಬಡಿಸುವ ಗಳಿಗೆಯವರೆಗೂ ಬೆಂಕಿಯ ಮೇಲೆಯೇ ಇರುತ್ತದೆ. ಬೆರಣಿಯ ಕಾವಿನಲ್ಲಿ ಹಗಲೆಲ್ಲ ಕಾದು ಕೆಂಪು ಕೆನೆಗಟ್ಟಿದ ಹಾಲನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ತಾಮಸವೆಂದು ದೂರ ಇಡಲಿಲ್ಲ, ದೇವರ ಮುಂದೆಯೂ ಇಟ್ಟರು. ಇನ್ನು ಶ್ರದ್ಧೆಯ ಮಾತು. ಒಲೆಯ ಮುಂದೆ ಎಷ್ಟು ಹೊತ್ತು ನಿಂತರು ಎಂಬುದರಿಂದ ಶ್ರದ್ಧೆಯನ್ನು ಅಳೆದರೆ, ದಣಿದು ಸಿಡಿಮಿಡಿಗೊಂಡು ಮಾಡಿದ ನಾಲ್ಕು ಬಗೆಯ ಅಡುಗೆ ನಿರಾಳವಾಗಿ ಇಟ್ಟ ಒಂದು ಸಾರಿಗಿಂತ ಪವಿತ್ರವಾಗಬೇಕಾಗುತ್ತದೆ. ನೈವೇದ್ಯದ ಅರ್ಥ ಬಲ್ಲವರು ಹಾಗೆ ಹೇಳಲಾರರು. ಅರ್ಪಿಸುವುದೆಂದರೆ ಇನ್ನು ಇದು ನನ್ನದಲ್ಲ ಎಂದು ಕೈಬಿಡುವುದಲ್ಲವೇ? ಅರ್ಪಿಸಿದ ಮೇಲೆ ಉಪ್ಪು ಸಾಲದೆಂದು ಯಾರೂ ಹೋಗಿ ತಿದ್ದುವುದಿಲ್ಲ.

ಇದೆಲ್ಲ ಉಳ್ಳವರ ಚಿಂತೆ ಎಂಬುದು ಮೂರನೆಯ ಆಕ್ಷೇಪ. ಬೆಂಗಳೂರಿನಲ್ಲಿ ನಾಲ್ಕು ಮನೆಗಳ ಅಡುಗೆ ಮುಗಿಸಿ ಬಸ್ಸು ಹಿಡಿದು ತನ್ನ ಮನೆಗೆ ಬಂದು ಮತ್ತೆ ಒಲೆ ಹೊತ್ತಿಸುವ ಹೆಂಗಸಿಗೆ ಗಡಿಯ ಮಾತು ಹೇಳುವ ಧೈರ್ಯ ಯಾರಿಗಿದೆ? ಅವಳಿಗೆ ಬೇಕಾದ್ದು ಕೂಲಿ ಮತ್ತು ರಜೆ, ಉಪದೇಶ ಅಲ್ಲ. ಇದು ನಿಜ. ಅದಕ್ಕೇ ಹಳೆಯ ಸಮಾಜಗಳು ವಿಶ್ರಾಂತಿಯನ್ನು ಒಬ್ಬೊಬ್ಬರ ಅನುಕೂಲಕ್ಕೆ ಬಿಡಲಿಲ್ಲ, ಎಲ್ಲರ ಮೇಲೂ ಕಟ್ಟಳೆಯಾಗಿ ಹೇರಿದವು. ಕರ್ನಾಟಕದ ಬಹಳಷ್ಟು ಕಡೆ ರೈತರು ಸೋಮವಾರ ಎತ್ತು ಹೂಡುವುದಿಲ್ಲ; ಅದು ಬಸವಣ್ಣನ ವಾರ. ಹದ ಬಂದಿರಲಿ, ಮಳೆ ಕಾದಿರಲಿ, ಆ ದಿನ ನೊಗಕ್ಕೆ ರಜೆ. ಆ ಎತ್ತು ವಿಶ್ರಾಂತಿಯನ್ನು ಗಳಿಸಬೇಕಾಗಿರಲಿಲ್ಲ, ಕೇಳಿಕೊಳ್ಳಬೇಕಾಗಿಯೂ ಇರಲಿಲ್ಲ. ನಾಗರಪಂಚಮಿಯಂದು ಹಲವು ಮನೆಗಳಲ್ಲಿ ಒಲೆಯ ಮೇಲೆ ಹೆಂಚಿಡುವುದಿಲ್ಲ, ಕರಿಯುವುದಿಲ್ಲ, ಕತ್ತರಿಸುವುದಿಲ್ಲ. ಕಾರಣ ನಾಗನ ಭಯಭಕ್ತಿ. ಆದರೆ ಆ ದಿನ ಊಟಕ್ಕೆ ಕೂತವರು ರೊಟ್ಟಿ ಏಕಿಲ್ಲವೆಂದು ಕೇಳುವುದಿಲ್ಲ, ಕಡುಬು ಬಡಿಸಿದವಳು ಸಮಜಾಯಿಷಿ ಕೊಡುವುದೂ ಇಲ್ಲ. ಸರಳ ಊಟ ಆ ದಿನ ಯಾರ ಸೋಮಾರಿತನವೂ ಅಲ್ಲ, ಎಲ್ಲರೂ ತಲೆಬಾಗುವ ಪದ್ಧತಿ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ವಾರದ ರಜೆಯನ್ನು ಸಂಬಳದ ಸಮೇತ ಕೊಡದ ಮನೆ ತನ್ನ ಸಂಜೆಯನ್ನು ಸರಳಗೊಳಿಸಿಕೊಂಡೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಎತ್ತಿಗೂ ಪರದೇಶಿಗೂ ಬಿಡುವು ಕೊಟ್ಟ ಹಳೆಯ ಕಟ್ಟಳೆಗಳ ಮುಂದೆ ಅದು ತೀರ ಕಡಿಮೆಯದು.

ದೇವರನ್ನಾಗಲಿ ಪದ್ಧತಿಯನ್ನಾಗಲಿ ನಂಬದ ಮನೆಯಲ್ಲಿ ಇಂಥ ಗಡಿ ನಿಲ್ಲುವುದು ಹೇಗೆ ಎಂಬುದು ಉಳಿದ ಪ್ರಶ್ನೆ. ಸಂಕಲ್ಪ ಮಾಡಿದವರೇ ಅದನ್ನು ಮುರಿಯಬಹುದು. ದೈವದ ಆಜ್ಞೆಗಿರುವ ಬಿಗಿ ಮನೆಯ ಮಾತಿಗೆ ಬರುವುದಿಲ್ಲ. ಈ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಜ್ಞೆಯ ಬಲ ಬರೀ ಮೇಲಿನಿಂದ ಬಂದದ್ದಲ್ಲ. ಒಂದೇ ಹೊತ್ತಿಗೆ ಇಡೀ ಬೀದಿ ಕೈ ನಿಲ್ಲಿಸುತ್ತಿತ್ತು ಎಂಬುದರಿಂದಲೂ ಬಂದದ್ದು. ಆ ಎರಡನೆಯ ಬಲವನ್ನು ಒಂದು ಮನೆ ತನ್ನ ಮಟ್ಟಿಗೆ ಹುಟ್ಟಿಸಿಕೊಳ್ಳಬಲ್ಲದು, ಉಣ್ಣುವವರು ಒಪ್ಪಿದರೆ. ಗಡಿಯನ್ನು ಅಡುಗೆ ಮಾಡುವವಳು ಎಳೆದರೆ ಅದು ಅವಳ ಮೊಂಡುತನವೆನಿಸುತ್ತದೆ, ಮೊದಲ ಗೊಣಗಾಟಕ್ಕೇ ಅಳಿಸಿಹೋಗುತ್ತದೆ. ಎಳೆಯಬೇಕಾದವರು ತಟ್ಟೆಯ ಮುಂದೆ ಕೂರುವವರು. ವಾರದಲ್ಲಿ ಇಷ್ಟು ರಾತ್ರಿ ಒಂದೇ ಪಾತ್ರೆಯ ಊಟ, ಅದರಲ್ಲಿ ಏನಿದೆಯೋ ಅದೇ ಎಂದು ಗಂಡನೂ ಅತ್ತೆ ಮಾವನೂ ಮಕ್ಕಳೂ ಮೊದಲೇ ಹೇಳಿರಬೇಕು. ಕಾಳು ನೆನೆಹಾಕುವುದು ಒಬ್ಬರ ಪಾಲು, ಬೆಳಿಗ್ಗೆ ಹೆಚ್ಚುವುದು ಇನ್ನೊಬ್ಬರದು, ಪಾತ್ರೆ ತೊಳೆಯುವುದು ಮತ್ತೊಬ್ಬರದು ಎಂದು ಹಂಚಿಕೊಂಡಿರಬೇಕು. ಆ ರಾತ್ರಿ ಖಾರ ಕಡಿಮೆಯಾಗಿದ್ದರೆ ಉಪ್ಪಿನಕಾಯಿಯ ಜಾಡಿಯನ್ನು ತಾವೇ ಎದ್ದು ತಂದುಕೊಳ್ಳಬೇಕು.